ಸ್ವಾಮಿಯ ಗೆಳೆಯರು ಮತ್ತು ಗಾಡಿಯವನ ಮಗ

ದಲಿತ ವಿಮರ್ಶೆ ಅಂದರೆ ದಲಿತರು ಬರೆದ ಕೃತಿಗಳನ್ನು ಮಾತ್ರ ಓದುವುದು ಎಂಬ ಭಾವನೆ ನಮ್ಮ ಸಂಘಟನೆಯ ಗೆಳೆಯರಲ್ಲೇ ಅನೇಕರಿಗಿದೆ. 'ಅವರ ಪುಸ್ತಕ ಅವರು ಓದ್ಕೊಳ್ಳಲಿ, ನಮಗ್ಯಾಕೆ?' ಎಂದು ಕೇಳುವವರನ್ನು ನಾನು ಕಂಡಿದ್ದೇನೆ. ಆದರೆ ನಮ್ಮ ಐಕ್ಳು ಓದುತ್ತಿರುವುದು ಅವೇ ಪುಸ್ತಕಗಳನ್ನು. ಆರ್.ಕೆ. ನಾರಾಯಣರ 'ಎ ಹೀರೋ' ಕತೆಯನ್ನು ನಮ್ಮ ರಾಜ್ಯದ ಹತ್ತನೇ ತರಗತಿಯ ಮಕ್ಕಳು ಹಲವು ವರ್ಷ ಇಂಗ್ಲಿಷ್ ಪಾಠವಾಗಿ ಓದಿದ್ದಾರೆ. ಅದರ ನಾಯಕ ಸ್ವಾಮಿ. ಈ ಸ್ವಾಮಿಯನ್ನು ಬೈದವರನ್ನು ನಾನು ಕಂಡಿಲ್ಲ. ಎಲ್ಲರೂ ಮುದ್ದು ಮಾಡುವ ಪುಸ್ತಕವನ್ನೇ ನಾವು ಮೊದಲು ಬಿಚ್ಚಿ ನೋಡಬೇಕು ಎಂಬುದು ನನ್ನ ವಾದ. ಬೈಯುವುದಕ್ಕಲ್ಲ. ಒಂದು ಸಮಾಜ ತನ್ನ ಬಾಲ್ಯವೆಂದು ಯಾವುದನ್ನು ಮುದ್ದು ಮಾಡುತ್ತದೆಯೋ ಅದರಲ್ಲಿ ಯಾರ ಬಾಲ್ಯ ಸೇರಿಲ್ಲ ಎಂದು ನೋಡುವುದಕ್ಕೆ.

'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೆ ಪ್ರಕಾಶಕರು ಸಿಕ್ಕಿದ್ದು ಗ್ರಹಾಂ ಗ್ರೀನ್ ಎಂಬ ಇಂಗ್ಲಿಷ್ ಕಾದಂಬರಿಕಾರನ ಪ್ರಯತ್ನದಿಂದ. ನಾರಾಯಣರ ತಂದೆ ಮೈಸೂರಿನಲ್ಲಿ ಹೈಸ್ಕೂಲಿನ ಹೆಡ್‌ಮಾಸ್ತರರಾಗಿದ್ದವರು. ಊರಿನ ಹೆಸರು ಮಾಲ್ಗುಡಿ, ಹೊಳೆಯ ಹೆಸರು ಸರಯೂ, ಎರಡೂ ಕಲ್ಪನೆಯವು. ಆದರೆ ನಮ್ಮ ಕಡೆಯ ಜನ ಅದನ್ನು ಮೈಸೂರಿನ ಸುತ್ತಮುತ್ತಲಿನ ಊರೆಂದೇ ತಿಳಿದಿದ್ದಾರೆ. 1986ರಲ್ಲಿ ಶಂಕರ್‌ನಾಗ್ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಮಾಡಿದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಗಿರೀಶ್ ಕಾರ್ನಾಡರು ಅವನ ತಂದೆಯಾದರು. ಆಗ ನಮ್ಮ ಕಡೆ ಟೀವಿ ಇದ್ದ ಮನೆಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಕೇರಿಯ ಐಕ್ಳು ಅದನ್ನು ನೋಡಿದ್ದು ಕಿಟಕಿಯ ಸರಳು ಹಿಡಿದುಕೊಂಡು. ಹಿಂದಿ ತಿಳಿಯದಿದ್ದರೂ ಸ್ವಾಮಿ ತಿಳಿದ. ಅವನು ನಮ್ಮವನೇ ಅನ್ನಿಸಿದ. ಈ 'ಅನ್ನಿಸುವಿಕೆ'ಯನ್ನು ಸುಳ್ಳು ಅನ್ನಲಾರೆ. ಅದರ ಬೆಲೆ ಎಷ್ಟು ಎಂದಷ್ಟೇ ಕೇಳಬೇಕಾಗಿದೆ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ವಾಮಿ ಆಲ್ಬರ್ಟ್ ಮಿಷನ್ ಶಾಲೆಯ ಹುಡುಗ, ಆಗತಾನೇ ಹರೆಯದ ಹೊಸ್ತಿಲಿಗೆ ಬರುತ್ತಿರುವವನು. ಅವನಿಗೆ ನಾಲ್ಕು ಜನ ಗೆಳೆಯರು. ಮಾನಿಟರ್ ಸೋಮು, ಜಾಣ ಶಂಕರ, ದಾಂಡಿಗ ಮಣಿ, ಕುಳ್ಳಗಿದ್ದುದಕ್ಕೆ 'ಬಟಾಣಿ' ಎನಿಸಿಕೊಂಡ ಸ್ಯಾಮ್ಯುಯೆಲ್. ಈ ಗುಂಪಿಗೆ ಹೊಸಬನಾಗಿ ರಾಜಮ್ ಬರುತ್ತಾನೆ. ಪೊಲೀಸ್ ಅಧಿಕಾರಿಯ ಮಗ. ಮದರಾಸಿನ ಇಂಗ್ಲಿಷ್ ಶಾಲೆಯಿಂದ ಬಂದವನು, ಬೂಟು ಕಾಲ್ಚೀಲ ಹಾಕುತ್ತಾನೆ, ಕಾರಿನಲ್ಲಿ ಬರುತ್ತಾನೆ, ಇಂಗ್ಲಿಷನ್ನು ದೊರೆಗಳ ಹಾಗೆ ಮಾತಾಡುತ್ತಾನೆ. ಮಣಿ ಮೊದಲು ಅವನ ಮೇಲೆ ಜಗಳಕ್ಕೆ ಹೋಗುತ್ತಾನೆ, ಆಮೇಲೆ ಗೆಳೆಯನಾಗುತ್ತಾನೆ. ಸ್ವಾಮಿಯೂ ಅವನ ಹಿಂದೆ ಬೀಳುತ್ತಾನೆ. ಹಳೆಯ ಗೆಳೆಯರು ಸಿಟ್ಟಾಗಿ ಸ್ವಾಮಿಗೆ ಒಂದು ಹೆಸರಿಡುತ್ತಾರೆ: ರಾಜಮ್‌ನ ಬಾಲ.

ಇಂಗ್ಲಿಷಿನಲ್ಲಿ ಅದು ಬರೀ ಹುಡುಗರ ಗೇಲಿ. ಕನ್ನಡಕ್ಕೆ ಬಂದರೆ ನಮಗೆ 'ಬಾಲಬಡುಕ' ಎಂಬ ಮಾತು ನೆನಪಾಗುತ್ತದೆ, ಅದು ಹುಡುಗಾಟದ ಮಾತಲ್ಲ. ನಾರಾಯಣರು ಶಾಲೆಯೊಳಗಿನ ಜನಪ್ರಿಯತೆ ಹೇಗೆ ಹುಟ್ಟುತ್ತದೆ ಎಂಬುದನ್ನು ಇಲ್ಲಿ ಬಹಳ ಸೂಕ್ಷ್ಮವಾಗಿ ಕಂಡಿದ್ದಾರೆ, ಇದನ್ನು ಒಪ್ಪಲೇಬೇಕು. ರಾಜಮ್ ಒಳ್ಳೆಯವನಾದುದರಿಂದ ನಾಯಕನಾಗುವುದಿಲ್ಲ. ಅಪ್ಪನ ಹುದ್ದೆ, ಮನೆಯ ಆಟದ ಸಾಮಾನು, ಅಡಿಗೆಯವನ ಮೇಲೆ ಹಾಕುವ ದರ್ಪ, ಇಂಗ್ಲಿಷ್, ಇವೆಲ್ಲ ಸೇರಿ ಅವನ ಮುಖಕ್ಕೆ ಒಂದು ಕಳೆ ಬರುತ್ತದೆ. ಆ ಕಳೆಯನ್ನು ಹುಡುಗರು ಅವನ ಗುಣ ಎಂದು ತಿಳಿಯುತ್ತಾರೆ. ಮುರಿದ ಗೆಳೆತನವನ್ನು ಅವನೇ ಕೂಡಿಸುತ್ತಾನೆ, ಎಲ್ಲರನ್ನೂ ಮನೆಗೆ ಕರೆದು, ಉಪದೇಶ ಮಾಡಿ, ಉಡುಗೊರೆ ಆಸೆ ತೋರಿಸಿ. ಗೆಳೆತನವನ್ನೂ ಕೊಡುವ ಶಕ್ತಿ ಅವನಿಗೇ ಇದೆ. ಇದನ್ನೇ ನಾನು ಸವಲತ್ತು ಎನ್ನುವುದು. ಸವಲತ್ತು ಅಂದರೆ ಬರೀ ದುಡ್ಡಲ್ಲ. ನನ್ನ ಬಳಿ ಇರುವುದು ನನ್ನ ಸ್ವಂತ ಗುಣವೆಂದು ಬೇರೆಯವರು ನಂಬುವ ಹಾಗೆ ಆಗುವುದು. ರಾಜಮ್‌ಗೂ ಅದು ಗೊತ್ತಿರುವುದಿಲ್ಲ, ಅದಕ್ಕೇ ಅವನು ಅಷ್ಟು ಸಲೀಸಾಗಿ ಇರುತ್ತಾನೆ.

ಇಷ್ಟರವರೆಗೆ ನಮ್ಮ ವಿಮರ್ಶಕರೂ ಬಂದಾರು. ಮುಂದಿನ ಎರಡು ಸಂದರ್ಭಗಳನ್ನು ಸಾಮಾನ್ಯವಾಗಿ ನಕ್ಕು ದಾಟಲಾಗುತ್ತದೆ.

ಮೊದಲನೆಯದು. ರಾಜಮ್, ಮಣಿ, ಸ್ವಾಮಿ ಊರಾಚೆಯ ರಸ್ತೆಯಲ್ಲಿ ಬೇಜಾರು ಕಳೆಯಲು ನಿಂತಿರುತ್ತಾರೆ. ಎತ್ತಿನ ಗಾಡಿ ಹೊಡೆದುಕೊಂಡು ಒಬ್ಬ ಹಳ್ಳಿ ಹುಡುಗ ಬರುತ್ತಾನೆ. ಅವನೂ ಸಣ್ಣವನೇ. ತಾವು ಸರ್ಕಾರಿ ಪೊಲೀಸರೆಂದು ಹೇಳಿಕೊಂಡು ಇವರು ಗಾಡಿ ತಡೆಯುತ್ತಾರೆ, ಹೆಸರು ಕೇಳುತ್ತಾರೆ, ಹೆದರಿಸುತ್ತಾರೆ. ಅವನು ಸ್ವಾಮಿ ಬುದ್ಧಿ ಎಂದು ಅಂಗಲಾಚುತ್ತಾನೆ. ಹೆಸರು ಕರುಪ್ಪನ್. ಅಂದರೆ ಕರಿಯ. ಅವನ ಜಾತಿಯನ್ನು ಕಾದಂಬರಿ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಒಂದನ್ನು ಗಮನಿಸಬೇಕು. ಆ ಹುಡುಗನಿಗೆ ಪುಸ್ತಕದಲ್ಲಿ ಹೆಸರು ಸಿಗುವುದು ಪೊಲೀಸ್ ವಿಚಾರಣೆಯಲ್ಲಿ. ಸ್ವಾಮಿಗೆ ಅವನ ಅಜ್ಜಿ ಇದ್ದಾಳೆ, ಮುದ್ದಿನ ಹೆಸರಿದೆ, ಜ್ವರ ಬಂದ ನೆಪ ಇದೆ. ಕರುಪ್ಪನ್‌ಗೆ ಹೆಸರು ಬರುವುದು 'ನಿನ್ ಹೆಸರೇನ್ಲಾ?' ಎಂದು ಮೇಲಿನವನು ಕೇಳಿದಾಗ. ನಮ್ಮ ಕಡೆ ಸ್ಟೇಷನ್ನಿಗೆ ಹೋಗಿ ಬಂದವರನ್ನು ಕೇಳಿ, ಈ ದನಿ ಎಲ್ಲರಿಗೂ ಗುರುತಿದೆ.

ಎರಡನೆಯದು. ಸ್ವಾಮಿಗೆ ಉರುಳಿಸಿಕೊಂಡು ಓಡಲು ಒಂದು ಚಕ್ರದ ಬಳೆ ಬೇಕು. ಒಬ್ಬ ಗಾಡಿಯವನು ತಂದುಕೊಡುತ್ತೇನೆಂದು ನಂಬಿಸಿ, ತಾಮ್ರದ ಕಾಸನ್ನು ಬೆಳ್ಳಿ ಮಾಡುತ್ತೇನೆಂದು ಹೇಳಿ ಹುಡುಗನ ಕಾಸು ಕಿತ್ತುಕೊಳ್ಳುತ್ತಾನೆ. ಮೋಸ ಹೌದು, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ರಾಜಮ್‌ನ ನ್ಯಾಯ ಏನು? ಗಾಡಿಯವನ ಮಗನನ್ನು ಹಿಡಿದು ತರುವುದು! ಅಪ್ಪನ ತಪ್ಪಿಗೆ ಮಗನನ್ನು ಹಿಡಿಯುವ ಈ ಕಾನೂನನ್ನು ಪೊಲೀಸ್ ಅಧಿಕಾರಿಯ ಮಗ ಎಲ್ಲಿ ಕಲಿತನೋ ಕಾದಂಬರಿ ಕೇಳುವುದಿಲ್ಲ. ಮಣಿ, ಸ್ವಾಮಿ ಇಬ್ಬರೂ ಹುಡುಕಿಕೊಂಡು ಹೋಗುವ ಜಾಗದ ಹೆಸರು ಕೀಳ್‌ಚೇರಿ. ತಮಿಳಿನ ಚೇರಿ ನಮ್ಮ ಕೇರಿಯೇ, ಕೀಳ್ ಅಂದರೆ ಕೆಳಗಿನದು. ಇಂಗ್ಲಿಷ್ ಓದುಗನಿಗೆ ಅದು ಬಡವರ ಗುಡಿಸಲುಗಳಿರುವ ಒಂದು ಬೀದಿ. ಊರು ಕೇರಿ ಬೇರೆಬೇರೆಯಾಗಿರುವಲ್ಲಿ ಬೆಳೆದವರಿಗೆ ಆ ಹೆಸರೊಂದೇ ಸಾಕು. ಅಲ್ಲಿ ಮಣಿ ಆಸೆ ತೋರಿಸಲೆಂದು ಒಂದು ಬುಗುರಿ ಕೊಡುತ್ತಾನೆ. ಹುಡುಗ ಬುಗುರಿ ಈಸಿಕೊಂಡವನೇ ಓಡಿಹೋಗಿ ಗುಡಿಸಲು ಸೇರುತ್ತಾನೆ. ಇಬ್ಬರೂ ಬರಿಗೈಲಿ ವಾಪಸ್ಸು. (ಬುಗುರಿ ಅಂದ ಕೂಡಲೇ ನಮ್ಮವರಿಗೆ ಮೊಗಳ್ಳಿ ಗಣೇಶರ ಕತೆ ನೆನಪಾಗುತ್ತದೆ. ಅದು ಬೇರೆಯೇ ಮಾತು, ಇನ್ನೊಮ್ಮೆ ನೋಡೋಣ.) ಓದುಗರು ನಗುತ್ತಾರೆ. ನಾನೂ ನಕ್ಕಿದ್ದೇನೆ, ಆದರೆ ಗೆದ್ದವನ ಕಡೆ ನಿಂತು.

ಈ ಹಿನ್ನೆಲೆಯಲ್ಲಿ ಇನ್ನೊಂದು ಗಾಡಿಯನ್ನು ನೆನೆಯಬೇಕು. ಅಂಬೇಡ್ಕರ್ ಅವರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹ ಸುಮಾರು 1935-36ರಲ್ಲಿ ಬರೆದದ್ದು. ಅಂದರೆ ಸ್ವಾಮಿ ಲಂಡನ್ನಿನಲ್ಲಿ ಅಚ್ಚಾದ ಕಾಲದಲ್ಲೇ. ಅದು ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ. ಒಂದು ಬಾಲ್ಯ ಬರೆದ ಕೂಡಲೇ ಅಚ್ಚಾಗುತ್ತದೆ, ಇನ್ನೊಂದಕ್ಕೆ ಐವತ್ತು ವರ್ಷಕ್ಕೂ ಮೀರಿದ ಕಾಯುವಿಕೆ. 1901ರಲ್ಲಿ ಒಂಬತ್ತು ವರ್ಷದ ಭೀಮ ಅಣ್ಣನ ಜೊತೆ ತಂದೆಯನ್ನು ನೋಡಲು ಹೊರಡುತ್ತಾನೆ. ಹೊಸ ಬಟ್ಟೆ, ಹೊಸ ಬೂಟು, ಜರಿ ಟೋಪಿ, ಎಲ್ಲ ಉಂಟು. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರ ಪ್ರೀತಿಯಿಂದಲೇ ವಿಚಾರಿಸುತ್ತಾನೆ. ಮಹಾರರು ಎಂದು ಹೇಳಿದ ತಕ್ಷಣ ಮುಖ ಬದಲಾಗುತ್ತದೆ. ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಹುಡುಗರೇ ಹೊಡೆದುಕೊಂಡು ಹೋಗುವುದು, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಎಂದು ತೀರ್ಮಾನವಾಗುತ್ತದೆ. ರಾತ್ರಿ ಸುಂಕದ ಕಟ್ಟೆಯಲ್ಲಿ ಮುಸಲ್ಮಾನರೆಂದು ಸುಳ್ಳು ಹೇಳಿದರೂ ನೀರು ಸಿಗುವುದಿಲ್ಲ. ಬುತ್ತಿ ಇದ್ದರೂ ನೀರಿಲ್ಲದೆ ಉಪವಾಸ ಮಲಗುತ್ತಾರೆ.

ರಾಜಮ್‌ನ ಬೂಟನ್ನೂ ಭೀಮನ ಬೂಟನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಹೊಸವು. ಒಬ್ಬನ ಬೂಟು ಅವನನ್ನು ನಾಯಕನನ್ನಾಗಿ ಮಾಡುತ್ತದೆ. ಇನ್ನೊಬ್ಬನ ಬೂಟಿನ ಬೆಲೆ ಜಾತಿಯ ಹೆಸರು ಬಾಯಿಂದ ಬರುವ ತನಕ ಮಾತ್ರ. ಬಡತನವೇ ಎಲ್ಲಕ್ಕೂ ಕಾರಣ, ಜಾತಿ ತಾನಾಗಿ ಹೋಗುತ್ತದೆ ಎಂದು ವಾದಿಸುವ ಎಡಪಂಥೀಯ ಗೆಳೆಯರಿಗೆ ನಾನು ಈ ಎರಡು ಜೊತೆ ಬೂಟನ್ನು ತೋರಿಸುತ್ತಿರುತ್ತೇನೆ. ಅವರು ಸುಮ್ಮನಾಗುತ್ತಾರೆ, ಒಪ್ಪುವುದಿಲ್ಲ.

ಇನ್ನು ದ್ರೋಹದ ಮಾತಿಗೆ ಬರೋಣ. ಕಾದಂಬರಿಯಲ್ಲಿ 1930ರ ಆಗಸ್ಟ್ 15ರಂದು ಮಾಲ್ಗುಡಿಯಲ್ಲಿ ದೊಡ್ಡ ಸಭೆ ನಡೆಯುತ್ತದೆ. ಸ್ವಾಮಿ ಟೋಪಿ ಸುಡುತ್ತಾನೆ, ಶಾಲೆಯ ಕಿಟಕಿ ಒಡೆಯುತ್ತಾನೆ. ಜನರ ಮೇಲೆ ಲಾಠಿ ಬೀಸಲು ಆಜ್ಞೆ ಕೊಡುವವನು ರಾಜಮ್‌ನ ತಂದೆ, ಅದನ್ನು ಸ್ವಾಮಿ ಕಣ್ಣಾರೆ ನೋಡುತ್ತಾನೆ. ಆದರೂ ಗೆಳೆತನ ಮುರಿಯುವುದಿಲ್ಲ. ಮುಂದೆ ಎಂ.ಸಿ.ಸಿ. ಅಂದರೆ ಮಾಲ್ಗುಡಿ ಕ್ರಿಕೆಟ್ ಕ್ಲಬ್ ಹುಟ್ಟುತ್ತದೆ. ರಾಜಮ್ ಕ್ಯಾಪ್ಟನ್, ಸ್ವಾಮಿ ಒಳ್ಳೆಯ ಬೌಲರ್. ಬೋರ್ಡ್ ಹೈಸ್ಕೂಲಿನ ಹೆಡ್‌ಮಾಸ್ತರನ ಬೆತ್ತಕ್ಕೆ ಹೆದರಿ ಸ್ವಾಮಿ ಮನೆ ಬಿಟ್ಟು ಓಡಿಹೋಗಿ, ಕಾಡಿನಲ್ಲಿ ದಾರಿ ತಪ್ಪಿ, ಪಂದ್ಯ ತಪ್ಪಿಸಿಕೊಳ್ಳುತ್ತಾನೆ. ಇದನ್ನು ರಾಜಮ್ ಕ್ಷಮಿಸುವುದಿಲ್ಲ. ಅಪ್ಪನಿಗೆ ವರ್ಗವಾಗಿ ಊರು ಬಿಡುವ ದಿನ ಸ್ವಾಮಿ ಸ್ಟೇಷನ್ನಿಗೆ ಹೋಗಿ ಆಂಡರ್ಸನ್ನನ ಕತೆಗಳ ಪುಸ್ತಕ ಕೊಡುತ್ತಾನೆ. ರಾಜಮ್ ಕಾಗದ ಬರೆಯುತ್ತಾನೋ ಇಲ್ಲವೋ ಗೊತ್ತಾಗದೆ ಪುಸ್ತಕ ಮುಗಿಯುತ್ತದೆ. ಈ ಕೊನೆಯ ಪುಟಗಳು ಚೆನ್ನಾಗಿವೆ, ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಆದರೆ ವಿಚಿತ್ರ ನೋಡಿ. ಲಾಠಿ ದ್ರೋಹವಲ್ಲ, ಪಂದ್ಯ ತಪ್ಪಿಸಿದ್ದು ದ್ರೋಹ. ಇಬ್ಬರೂ ಒಂದೇ ಅಂಗಳದಲ್ಲಿ ಆಡಬಲ್ಲವರು ಎಂಬುದು ಮೊದಲೇ ತೀರ್ಮಾನವಾಗಿರುವ ಕಡೆ ಮಾತ್ರ ಪಂದ್ಯ ತಪ್ಪಿಸುವುದು ಅಷ್ಟು ದೊಡ್ಡ ಅಪರಾಧವಾಗಲು ಸಾಧ್ಯ.

ಕ್ರಿಕೆಟ್ಟಿನ ಮಾತು ಬಂದದ್ದರಿಂದ ಪಾಲವಣಕರ ಬಾಲೂ ಅವರ ಹೆಸರು ಹೇಳದೆ ಮುಂದಕ್ಕೆ ಹೋಗಲಾರೆ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ಮಾಡುತ್ತಲೇ ದೊಡ್ಡ ಎಡಗೈ ಬೌಲರ್ ಆದವರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಗೆಲ್ಲಬೇಕೆಂಬ ಆಸೆಗೆ ಹಿಂದೂ ತಂಡದವರು ಅವರನ್ನು ಸೇರಿಸಿಕೊಂಡರು. ಆದರೆ ಪುಣೆಯಲ್ಲಿ ಚಹಾ ವಿರಾಮಕ್ಕೆ ಉಳಿದವರೆಲ್ಲ ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿದರೆ ಬಾಲೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಚೆಂಡು ಮುಟ್ಟಬಹುದು, ಬಟ್ಟಲು ಮುಟ್ಟಬಾರದು. ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲೇ ಇಲ್ಲ. ಅವರ ತಮ್ಮ ವಿಠ್ಠಲನಿಗೆ ಅದು ಸಿಕ್ಕಿದ್ದು 1923ರಲ್ಲಿ, ಜಗಳವಾಡಿದ ಮೇಲೆ. ಜನಪ್ರಿಯತೆ ಬೇರೆ, ಸವಲತ್ತು ಬೇರೆ ಎಂದು ವಿದ್ಯಾರ್ಥಿಗಳಿಗೆ ವಿವರಿಸುವಾಗ ನಾನು ರಾಜಮ್ ಮತ್ತು ಬಾಲೂ ಇಬ್ಬರನ್ನೂ ಮುಂದಿಡುತ್ತೇನೆ. ಬಾಲೂಗೆ ಸಾವಿರಾರು ಜನ ಚಪ್ಪಾಳೆ ತಟ್ಟಿದರು. ರಾಜಮ್‌ಗೆ ಚಪ್ಪಾಳೆಯೇ ಬೇಕಾಗಿರಲಿಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಹೈಸ್ಕೂಲಿನಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ. ಯಾವ ಶಾಲೆ, ಯಾವ ಊರು ಎಂಬುದು ಬೇಡ. ನಮ್ಮ ತಂಡದ ನಾಯಕ ನನಗೆ ಬಹಳ ಬೇಕಾದವನು. ಸೈಕಲ್ಲಿನಲ್ಲಿ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದ. ಒಂದು ಪಂದ್ಯ ಗೆದ್ದು ಎಲ್ಲರೂ ಅವನ ಮನೆಗೆ ಊಟಕ್ಕೆ ಹೋದೆವು. ಅವರ ಅವ್ವ ನಗುನಗುತ್ತಾ 'ನೀವೆಲ್ಲ ಯಾರ್ ಮಕ್ಳ್ರಪ್ಪ?' ಅಂದರು. ಒಬ್ಬೊಬ್ಬರೂ ಹೇಳಿದರು, ನಾನೂ ಹೇಳಿದೆ. ಅವರೆಲ್ಲ ಒಳಗೆ ಹೋದರು, ನನಗೆ ಜಗಲಿಯ ಮೇಲೆ ಎಲೆ ಬಂತು. ಮುದ್ದೆ, ಸಾರು ಎಲ್ಲ ಒಂದೇ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಗೆಳೆಯ ಒಳಗಿನಿಂದ ಒಂದು ಸಲವೂ ತಿರುಗಿ ನೋಡಲಿಲ್ಲ. ಮಾರನೆ ದಿನ 'ಬೇಜಾರ್ ಮಾಡ್ಕಬ್ಯಾಡ ಕಣ್ಲಾ, ನಮ್ಮವ್ವ ಅಂಗೆಯ' ಅಂದ. ಅದು ಸುಳ್ಳೂ ಅಲ್ಲ. ಅವನು ಕೆಟ್ಟವನಲ್ಲ, ಈಗಲೂ ಸಿಕ್ಕಿದರೆ ಮಾತಾಡಿಸುತ್ತಾನೆ. ನನ್ನ ಪ್ರಶ್ನೆ ಅವನ ಗುಣದ್ದಲ್ಲ. ಅಂದು ಅವನು ಎದ್ದು ಬಂದು ನನ್ನ ಪಕ್ಕ ಜಗಲಿಯಲ್ಲಿ ಕೂತಿದ್ದರೆ ಅವನು ಕಳೆದುಕೊಳ್ಳುವುದು ಬಹಳವಿತ್ತು. ಕೂರದಿದ್ದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಹರೆಯದ ಹುಡುಗರ ದ್ರೋಹ ಹೆಚ್ಚಿನಂಶ ಹೀಗೇ ನಡೆಯುತ್ತದೆ. ದ್ವೇಷ ಬೇಕಾಗಿಲ್ಲ, ತಲೆ ಬಗ್ಗಿಸಿ ಉಂಡರೆ ಸಾಕು.

1973ರ ಬೂಸಾ ಗಲಾಟೆಯ ಕಾಲದಲ್ಲಿ ಕಾಲೇಜಿನಲ್ಲಿದ್ದ ಹಿರಿಯರನ್ನು ಕೇಳಿದರೆ ಇದರ ದೊಡ್ಡ ರೂಪ ತಿಳಿಯುತ್ತದೆ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಮಂತ್ರಿ ಬಸವಲಿಂಗಪ್ಪನವರು ಅಂದದ್ದಕ್ಕೆ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಹೊಡೆಯಲು ಬಂದವರಲ್ಲಿ ಜೊತೆಯಲ್ಲಿ ಓದುತ್ತಿದ್ದವರೂ ಇದ್ದರು. ದಲಿತ ಚಳವಳಿ ಗಟ್ಟಿಯಾದದ್ದು ಆ ಪೆಟ್ಟಿನ ಮೇಲೆ. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು ಎಂಬುದನ್ನೂ ಇಲ್ಲೇ ಹೇಳಬೇಕು, ಯಾಕೆಂದರೆ ಜಗಲಿಗೆ ಎದ್ದು ಬರುವವರೇ ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ.

ನಮ್ಮ ಬೆಳಕವಾಡಿ ಮಳವಳ್ಳಿ ತಾಲ್ಲೂಕಿನದು, ಕಾವೇರಿಯ ಸೀಮೆ. ಹತ್ತಿರದಲ್ಲೇ ಬೊಪ್ಪೇಗೌಡನಪುರ, ಮಂಟೇಸ್ವಾಮಿಯ ಮಠ ಇರುವ ಊರು. ನೀಲಗಾರರು ತಂಬೂರಿ ಹಿಡಿದು ಹಾಡುವ ಕಾವ್ಯದಲ್ಲಿ ನಿಡುಘಟ್ಟದ ಆಚಾರಿಗಳ ಮಗ ಕೆಂಪಾಚಾರಿ ಮಂಟೇಸ್ವಾಮಿಯ ಶಿಶುವಾಗಿ ಸಿದ್ದಪ್ಪಾಜಿಯಾಗುತ್ತಾನೆ. ಅವನನ್ನು ಗುರು ಕಳಿಸುವುದು ಹಲಗೂರಿಗೆ, ಅವನದೇ ಕುಲದ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರಲು. ಸ್ವಂತ ಕುಲದವರು ಅವನನ್ನು ತಮ್ಮವನೆಂದು ಒಪ್ಪುವುದಿಲ್ಲ, ಕೊಡಬಾರದ ಕಷ್ಟ ಕೊಡುತ್ತಾರೆ. ಎಳೆಯನೊಬ್ಬ ಕೀಳೆನಿಸಿಕೊಂಡವರ ಕಡೆ ಹೋದರೆ ಅವನ ಹಳೆಯ ಬಳಗ ಏನು ಮಾಡುತ್ತದೆ ಎಂಬುದು ಈ ಹಾಡಿಗೆ ಗೊತ್ತಿದೆ. ನನ್ನ ಗೆಳೆಯನಿಗೂ ಗೊತ್ತಿತ್ತು ಅನ್ನಿಸುತ್ತದೆ, ಅವನು ಕತೆ ಕೇಳುತ್ತಲೇ ಬೆಳೆದವನು. ಮಾಲ್ಗುಡಿಯಲ್ಲಿ ಇಂಥ ಹಾಡಿಲ್ಲ. ಅಲ್ಲಿ ಕೀಳ್‌ಚೇರಿಗೆ ಹೋಗುವುದು ಹುಡುಗನನ್ನು ಹಿಡಿದು ತರುವುದಕ್ಕೆ ಮಾತ್ರ.

ಹಾಗಾದರೆ ನಮ್ಮ ಸ್ವಾಮಿ ಎಲ್ಲಿದ್ದಾನೆ? ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಅದೇ ದಶಕದಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ'. ಅದರಲ್ಲಿ ಹಾಸ್ಟೆಲಿನ ಹುಡುಗರ ತುಂಟಾಟವಿದೆ, ಹಸಿವಿದೆ, ನಗುವಿದೆ. ಸಿದ್ಧಲಿಂಗಯ್ಯನವರ ನಗುವನ್ನು ಕೆಲವರು ಹೋರಾಟ ಮರೆತ ನಗು ಎಂದರು, ನಾನು ಒಪ್ಪುವುದಿಲ್ಲ. ಕೇರಿಯ ಹುಡುಗನಿಗೂ ತುಂಟನಾಗುವ ಹಕ್ಕಿದೆ ಎಂದು ಹೇಳಿದ ಪುಸ್ತಕ ಅದು. ಆದರೂ ಆತ್ಮಕತೆ ದೊಡ್ಡವನಾದವನು ಹಿಂದೆ ತಿರುಗಿ ನೋಡಿ ಬರೆಯುವುದು. ಗೆದ್ದು ಬಂದವನ ಬಾಲ್ಯ ಅದು. ಒಂಬತ್ತನೇ ಕ್ಲಾಸಿನಲ್ಲೇ ಶಾಲೆ ಬಿಟ್ಟವನ, ಹಾಸ್ಟೆಲಿನಲ್ಲಿ ಜೊತೆಗಾತಿಯಿಂದಲೇ ಮೋಸಹೋದ ಹುಡುಗಿಯ ಕಾದಂಬರಿ ನಮ್ಮಲ್ಲಿ ಇನ್ನೂ ಸಾಲದು. ಹುಡುಗಿಯರ ಮಾತು ನಾರಾಯಣರಲ್ಲಂತೂ ಇಲ್ಲವೇ ಇಲ್ಲ.

ಬೆಳಕವಾಡಿಯಲ್ಲಿ ಕೆಲವು ಹೈಸ್ಕೂಲು ಮಕ್ಕಳನ್ನು ಕೂರಿಸಿಕೊಂಡು ಈ ಪುಸ್ತಕವನ್ನು ಕನ್ನಡದಲ್ಲಿ ಹೇಳುತ್ತಾ ಮೂರು ಸಂಜೆ ಓದಿದೆವು. ಊರಿನವರೂ ಇದ್ದರು, ಕೇರಿಯವರೂ ಇದ್ದರು. ಒಬ್ಬಳು ಕೇಳಿದಳು: 'ಸಾ, ಗಾಡಿಯವನ ಮಗನ ಹೆಸರೇನು?' ಪುಸ್ತಕದಲ್ಲಿ ಅವನಿಗೆ ಹೆಸರಿಲ್ಲ. ಇಡೀ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆಯ ವಿಮರ್ಶೆಯ ಮಾತು ಯಾರಿಂದಲೂ ಬರಲಿಲ್ಲ, ನನ್ನಿಂದಲೂ. ಆಮೇಲೆ, ಬುಗುರಿ ತಗೊಂಡು ಗುಡಿಸಲಿನೊಳಕ್ಕೆ ಓಡಿದ ಹುಡುಗನಿಗೆ ಮುಂದೆ ಏನಾಯಿತು ಅಂತ ಬರೆದುಕೊಂಡು ಬನ್ನಿ ಎಂದೆ. ಊರಿನ ಮಕ್ಕಳಲ್ಲಿ ಹೆಚ್ಚಿನವರು ಅವನು ಕೇರಿಯ ಗೆಳೆಯರ ಜೊತೆ ಬುಗುರಿ ಆಡಿದ, ಖುಷಿಪಟ್ಟ ಎಂದು ಬರೆದಿದ್ದರು. ಕೇರಿಯ ಒಬ್ಬ ಹುಡುಗ ಬರೆದದ್ದು ಅರ್ಧ ಪುಟ. ಅದರಲ್ಲಿ ಒಳಗಿದ್ದ ಅವ್ವ ಬುಗುರಿ ನೋಡಿ ಮಗನ ಕೆನ್ನೆಗೆ ಒಂದು ಬಿಟ್ಟು, 'ಯಾರ್ದ್ಲಾ ಇದು? ಮೊದ್ಲು ಕೊಟ್ ಬಾ ಓಗು, ಪೊಲೀಸ್ನೋರು ಬತ್ತರೆ' ಅನ್ನುತ್ತಾಳೆ.